ವರ್ಗಕ್ಕೆ ಮುಂಚೆ ಕೈಗೆ ಬರುವ ಬೆಳೆ

ಅಹಮದಾಬಾದಿನ ವಸ್ತ್ರಾಪುರಕ್ಕೆ ಹೊಸದಾಗಿ ಬಂದ ಕನ್ನಡಿಗರು ಯಾರೇ ತಾರಸಿಯಲ್ಲಿ ಏನು ಬೆಳೆಯೋಣವೆಂದು ಕೇಳಿದರೂ ಬ್ಯಾಂಕಿನ ಲಿಂಗರಾಜರ ಉತ್ತರ ಒಂದೇ: “ವರ್ಗದ ಆರ್ಡರ್ ಬರೋದ್ರೊಳಗೆ ಬಾಯಿಗೆ ಬೀಳೋದನ್ನ ಹಾಕ್ರೀ.” ಮೆಂತ್ಯ ಅವರ ಪಾಲಿಗೆ ಮನೆದೇವರು, ಮೂಲಂಗಿ ಮನೆಯ ಅಳಿಯ, ಬದನೆಯ ಮೇಲೆ ಅರ್ಧ ನಂಬಿಕೆ. ನರ್ಸರಿಯವನು ಚಿಕ್ಕು ಸಸಿ ತೋರಿಸಿ “ಚಾರ್ ಸಾಲ್ ಮೇ ಫಲ್ ದೇಗಾ, ಸಾಹೇಬ್” ಎಂದರೆ ಸಿಟ್ಟು ನೆತ್ತಿಗೇರುತ್ತದೆ. “ನಾಲ್ಕು ವರ್ಷಕ್ಕೆ ನಾನೆಲ್ಲಿರ್ತೀನೋ, ಹಣ್ಣು ನಿಮ್ಮ ಮಾವ ತಿಂತಾನೇನು?” ಎಂದು ಕನ್ನಡದಲ್ಲೇ ಗದರುತ್ತಾರೆ, ಅರ್ಥವಾಗದ ಆತ ಚಹಾ ತರಿಸುತ್ತಾನೆ. ಆತುರಗಾರ ಎಂದು ಜನ ನಗುತ್ತಾರೆ. ಹೆಂಡತಿ ಜಲಜಾ ಮಾತ್ರ ನಗುವುದಿಲ್ಲ. ಹಿಂದೆ ಸೊಲ್ಲಾಪುರದ ಹಿತ್ತಲಲ್ಲಿ ಪಪ್ಪಾಯಿ ಕಾಯಿಬಿಟ್ಟ ವಾರವೇ ವರ್ಗವಾಗಿ, ಆರು ವರ್ಷದ ಮಗಳು ಪ್ರೇರಣಾ ಗಿಡ ತಬ್ಬಿಕೊಂಡು, ಲಾರಿ ಹತ್ತಲೊಲ್ಲೆನೆಂದು ಅತ್ತದ್ದನ್ನು ಆಕೆ ಕಂಡವಳು. ಅಂದಿನಿಂದ ಈ ಮನುಷ್ಯ ಮೂರು ತಿಂಗಳಾಚೆಯ ಬೆಳೆಯನ್ನು ಮನೆಗೆ ತಂದಿಲ್ಲ. ಮೊನ್ನೆ, ಈಗ ಇದೇ ಊರಲ್ಲಿ ಕೆಲಸ ಹಿಡಿದಿರುವ ಪ್ರೇರಣಾ ಒಂದು ನಿಂಬೆ ಸಸಿ ತಂದಳು. ಲಿಂಗರಾಜರು ಬೈಯಲು ಬಾಯಿ ತೆರೆದರು. “ಆರ್ಡರ್ ನಿಮಗೆ ಬರುತ್ತಪ್ಪಾ, ನನಗಲ್ಲ. ನಾನು ಇಲ್ಲೇ ಇರ್ತೀನಿ,” ಎಂದಳು ಮಗಳು. ಅವರು ಇದ್ದುದರಲ್ಲೇ ದೊಡ್ಡ ಕುಂಡದಿಂದ ಇನ್ನೂ ಎಳೆಯದಾಗಿದ್ದ ಮೆಂತ್ಯವನ್ನೆಲ್ಲ ಕಿತ್ತು, ಖಾಲಿಯಾದ ಕುಂಡವನ್ನು ಅವಳ ಮುಂದಕ್ಕೆ ತಳ್ಳಿದರು.