ನಿಂತ ಮೇಲೆ ಬಂದದ್ದು

ಭಜನೆಯ ಅಕ್ಕನ ಎಡಗೈ ತೋರುಬೆರಳಿನ ಬುಡದಲ್ಲಿ ಕಪ್ಪನೆಯ ಗೀರೊಂದಿತ್ತು. ಇಪ್ಪತ್ತು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ಅದೇ ಬೆರಳಿಗೆ ತಾಳದ ದಾರ ಸುತ್ತಿ ಸುತ್ತಿ ಚರ್ಮ ಅಲ್ಲಿ ಒತ್ತಿಹೋಗಿತ್ತು. ಇಷ್ಟು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಮತ್ತು ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ವಾದಿಸುತ್ತದೆ.

ಮುಂಬಯಿಯ ಮಾಟುಂಗದಲ್ಲಿ, ನಮ್ಮ ಬಿಲ್ಡಿಂಗಿನ ಕೆಳಗಿನ ಹಾಲ್‌ನಲ್ಲಿ ಭಜನೆ ನಡೆಯುತ್ತಿತ್ತು. ಅಕ್ಕ ಉಡುಪಿ ಕಡೆಯವರು, ಗಂಡ ಹೋಟೆಲ್ ಮ್ಯಾನೇಜರು. ನಾನು ಮೈಸೂರಿನವಳು, ಬಾಂದ್ರಾದಲ್ಲಿ ಕೆಲಸ, ಒಬ್ಬಳೇ ವಾಸ. ಪರಿಚಯವಾದ ಮೊದಲ ವಾರವೇ ಅವರು ನನ್ನನ್ನು ‘ನೀನು’ ಎಂದರು. ಲೋಕಲ್ ರೈಲಿನಲ್ಲಿ ಮೂವರು ಕೂತ ಸೀಟಿನ ಎದುರು ನಿಂತು, “ಥೋಡಾ ಸರ್ಕೋ, ಮೈ ಭೀ ಟಿಕೆಟ್ ಲೇಕೇ ಆಯೀ ಹೂಂ” ಎಂದು ಜೋರು ದನಿಯಲ್ಲಿ ಅವರನ್ನು ಸರಿಸಿ, ತಾವೂ ಟಿಕೆಟ್ ತೆಗೆದವರೇ ಎಂದು ನಾಲ್ಕನೆಯವರಾಗಿ ಕೂತುಬಿಡುತ್ತಿದ್ದರು. ಹಾಗೆ ಕೂತು ನನ್ನ ಬ್ಯಾಗನ್ನೂ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ತಮ್ಮ ಮೈಯ ವಿಷಯ ಬಂದರೆ ಮಾತ್ರ ಆ ದನಿ ಪಿಸುಮಾತಾಗುತ್ತಿತ್ತು.

ಮುಟ್ಟು ನಿಂತು ಆರು ವರ್ಷವಾಗಿತ್ತು. “ಇನ್ನು ದೇವರ ಹತ್ತಿರ ನನಗೆ ರಜೆ ಇಲ್ಲ ಮಾರಾಯ್ತಿ” ಎಂದು ನಕ್ಕು, ಅಂದಿನಿಂದ ಭಜನೆಯ ದೀಪ ಹಚ್ಚುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟಿರಲಿಲ್ಲ.

ಒಂದು ಡಿಸೆಂಬರ್ ಶನಿವಾರ ಅವರು ಹಾಲ್‌ನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು.

“ಒಳಗೆ ಬರಲ್ವಾ ಅಕ್ಕ?”

“ನಾನು ಹೊರಗೆ. ಈ ಪ್ರಾಯದಲ್ಲಿ ನೋಡು ಅವಸ್ಥೆ. ಯಾರಿಗೂ ಹೇಳ್ಬೇಡ, ನೆಗಾಡ್ತಾರೆ. ಇವತ್ತು ದೀಪ ನೀನು ಹಚ್ಚು.”

“ಮತ್ತೆ ಚಿಕ್ಕವರಾದ್ರಿ ಅನ್ನಿ” ಎಂದೆ. ಇಬ್ಬರೂ ನಕ್ಕೆವು. ಮೊದಲು ನಕ್ಕವರು ಅವರೇ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಆ ದಿನದ ಡೈರಿಯಲ್ಲಿ ಒಂದೇ ಸಾಲು ಇದೆ: ‘ಇವತ್ತು ದೀಪ ನಾನು ಹಚ್ಚಿದೆ.’ ಸಂತೋಷದಿಂದ ಬರೆದ ಅಕ್ಷರಗಳು.

ಅಕ್ಕ ಮೂರು ದಿನ ದೂರ ಇದ್ದು, ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿದರು. ಅಲ್ಲಿಗೆ ಮುಗಿಯಿತು ಎಂಬುದು ಅವರ ಲೆಕ್ಕ. ಜನವರಿಯಲ್ಲಿ ಮತ್ತೆ ಬಂತು, ಫೆಬ್ರವರಿಯಲ್ಲಿ ಎರಡು ಸಲ. ಪ್ರತಿ ಸಲವೂ ದೂರ ಕೂತರು, ದೀಪ ನನಗೆ ಒಪ್ಪಿಸಿದರು. ರಕ್ತ ಕಂಡರೆ ಯಾವುದನ್ನು ಮುಟ್ಟಬಾರದು, ಎಷ್ಟು ದಿನ ಮುಟ್ಟಬಾರದು ಎಂದು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಎಲ್ಲಿಂದ ಬರುತ್ತಿದೆ ಎಂದು ಕೇಳುವುದು ನಮಗೆ ಹೊಳೆಯಲಿಲ್ಲ. ನಾನು ಎಂ.ಎ. ಓದಿದವಳು.

ಮಾರ್ಚಿನಲ್ಲಿ ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಬಿದ್ದರು. ಅವರ ಗಂಡ, ನಾನು ಸೇರಿ ಸಯನ್‌ನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕೊನೆಯ ಪೀರಿಯಡ್ ಯಾವಾಗ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಅಕ್ಕ ತಲೆ ತಗ್ಗಿಸಿ, “ಪಿಛಲೇ ಮಹೀನೇ” ಎಂದರು. ಅದು ಸುಳ್ಳಲ್ಲ, ಅವರ ಪಾಲಿಗೆ ಹೋದ ತಿಂಗಳು ಬಂದದ್ದು ಮುಟ್ಟೇ. ಈ ವಯಸ್ಸಿನಲ್ಲಿ ಹಿಂದೆ ಮುಂದೆ ಆಗುತ್ತದೆ ಎಂದು ಡಾಕ್ಟರು ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ಬರೆದರು. ನಡುವೆ ಆರು ವರ್ಷ ನಿಂತಿತ್ತು ಎಂಬ ಒಂದು ಮಾತು ನನ್ನ ಬಾಯಲ್ಲಿತ್ತು. ಪಕ್ಕದ ಕುರ್ಚಿಯಲ್ಲಿ ಅವರ ಗಂಡ ಕೂತಿದ್ದರು. ಯಾರಿಗೂ ಹೇಳಬೇಡ ಎಂದು ಅಕ್ಕ ಅಂದಿದ್ದರಲ್ಲ ಎಂದು ಸುಮ್ಮನಾದೆ.

ಮಾತ್ರೆಗಳಲ್ಲೇ ನಾಲ್ಕು ತಿಂಗಳು ಹೋಯಿತು. ಜುಲೈಯಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಗರ್ಭಕೋಶದ ಕ್ಯಾನ್ಸರ್ ಶ್ವಾಸಕೋಶಕ್ಕೂ ಹಬ್ಬಿತ್ತು. ಕಿರಿಯ ಡಾಕ್ಟರೊಬ್ಬರು ಗಂಡನನ್ನು ಬಾಗಿಲಾಚೆ ಕರೆದು ಮಾತಾಡತೊಡಗಿದರು. ಲೋಕಲ್‌ನ ಆ ದನಿ ಮಂಚದಿಂದ ಎದ್ದಿತು: “ಡಾಕ್ಟರ್ ಸಾಬ್, ಬೀಮಾರಿ ಮೇರೇಕೋ ಹೈ. ಇಧರ್ ಆಕೇ ಬೋಲೋ.” ಕಾಯಿಲೆ ಅವರದು ತಾನೆ; ಡಾಕ್ಟರು ಒಳಗೆ ಬಂದು ಎಲ್ಲವನ್ನೂ ಅವರಿಗೇ ಹೇಳಿದರು. ಅಕ್ಕ ಒಂದೇ ಪ್ರಶ್ನೆ ಕೇಳಿದರು: ಡಿಸೆಂಬರಿನಲ್ಲೇ ಬಂದಿದ್ದರೆ? ಆಗ ಅದು ಗರ್ಭಕೋಶ ದಾಟಿರಲಿಕ್ಕಿಲ್ಲ ಎಂದರು ಡಾಕ್ಟರು. ಅಷ್ಟು ಸಾಕಾಯಿತು.

ಶ್ರಾವಣದಲ್ಲಿ ಮನೆಗೆ ಬಂದ ಮೇಲೆ ನನ್ನನ್ನು ಕರೆದರು.

“ಶನಿವಾರ ಮಂಗಳಾರತಿಗೆ ಮೊದಲು ಎದ್ದು ನಿಂತು ಹೇಳು. ಒಂದು ವರ್ಷ ನಿಂತದ್ದು ಮತ್ತೆ ಬಂದ್ರೆ ಅದು ಮುಟ್ಟಲ್ಲ. ಒಂದು ಚುಕ್ಕೆ ಕಂಡ್ರೂ ಹೋಗಿ ತೋರಿಸ್ಬೇಕು. ನಿಂತು ಎಷ್ಟು ವರ್ಷ ಆಯ್ತು ಅಂತ ಡಾಕ್ಟರಿಗೆ ನಾವೇ ಹೇಳ್ಬೇಕು. ನನ್ನ ಹೆಸರು ಹಿಡಿದೇ ಹೇಳು.”

“ಗಂಡಸರೂ ಇರ್ತಾರಲ್ಲ ಅಕ್ಕ.”

“ಇರ್ಲಿ. ಅವರ ಮನೆಯಲ್ಲಿ ಹೆಂಗಸರಿಲ್ವಾ ಎಂತ?”

ಶನಿವಾರ ಎದ್ದು ನಿಂತೆ. ಮುಂದಿನ ಸಾಲಿನಲ್ಲಿ ಹಾರ್ಮೋನಿಯಂ ಹಿಡಿದ ಹಿರಿಯರು ನನ್ನನ್ನೇ ನೋಡುತ್ತಿದ್ದರು. “ಅಕ್ಕನಿಗೆ ಹೊಟ್ಟೆಯ ಕಾಯಿಲೆ, ಎಲ್ಲರೂ ಪ್ರಾರ್ಥಿಸಿ” ಎಂದು ಹೇಳಿ ಕೂತುಬಿಟ್ಟೆ.

ಮೇಲೆ ಅವರ ಮನೆಗೆ ಹೋದಾಗ ಅಕ್ಕ ಕೇಳಿದರು, “ಹೇಳಿದ್ಯಾ?”

“ಹೇಳಿದೆ.”

“ಯಾರಾದ್ರೂ ನೆಗಾಡಿದ್ರಾ?”

“ಇಲ್ಲ ಅಕ್ಕ.”

“ಒಳ್ಳೇದಾಯ್ತು” ಎಂದು ಕಣ್ಣು ಮುಚ್ಚಿದರು.

ಆಮೇಲೆ ನೋಡಲು ಬಂದವರೊಬ್ಬರು ಹೊಟ್ಟೆನೋವು ಹೇಗಿದೆ ಎಂದು ಕೇಳಿದಾಗ ಅಕ್ಕ ನನ್ನ ಮುಖ ನೋಡಿದಂತೆ ನೆನಪು. ಅದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಸಂಕ್ರಾಂತಿಯ ಮರುವಾರ ಅಕ್ಕ ತೀರಿಕೊಂಡರು. ಹದಿಮೂರನೆಯ ದಿನದ ಭಜನೆಯಲ್ಲಿ ಎದ್ದು, ಅವರ ಹೆಸರು ಹಿಡಿದು, ಅವರು ಹೇಳಿಕೊಟ್ಟಂತೆಯೇ ಹೇಳಿದೆ. ಯಾರೂ ನಗಲಿಲ್ಲ. ಹಾರ್ಮೋನಿಯಂನ ಹಿರಿಯರು ಕಣ್ಣೊರೆಸಿಕೊಂಡರು.

ಎಲ್ಲರೂ ಹೋದ ಮೇಲೆ ಎರಡನೆಯ ಮಹಡಿಯ ಹೆಂಗಸು ಬಾಗಿಲ ಹತ್ತಿರ ಉಳಿದರು. ವಯಸ್ಸು ಐವತ್ತೈದರ ಆಚೆ.

“ನನಗೂ ಉಂಟು,” ಎಂದರು. “ದೀಪಾವಳಿಯಿಂದ. ನಿಂತು ನಾಲ್ಕು ವರ್ಷ ಆಗಿತ್ತು.”

ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗೋಣ, ರಜೆ ಹಾಕುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಹಾಗೆಯೇ ನಿಂತರು.

“ಇದೆಲ್ಲ ನಿಮಗೆ ಯಾವಾಗ ಗೊತ್ತಾದದ್ದು?”

“ಶ್ರಾವಣದಲ್ಲಿ” ಎಂದೆ.