ಅಜ್ಜನ ಬೂದು ಕಂಬಳಿ

ಜೂರಕಾನಳ ಕೈ ನೋಡಿದರೆ ಸಾಕು, ಅವಳ ಕಸುಬು ಯಾವುದೆಂದು ಗೊತ್ತಾಗುತ್ತಿತ್ತು. ಮೊಣಕೈವರೆಗೂ ಚರ್ಮ ಬೆಂದು ಒರಟಾಗಿತ್ತು. ಉಣ್ಣೆಯನ್ನು ಕೋಲಿನಿಂದ ಬಡಿದು, ಜೊಂಡಿನ ಚಾಪೆಯ ಮೇಲೆ ಹರಡಿ, ಕುದಿನೀರು ಹೊಯ್ದು, ಚಾಪೆ ಸಮೇತ ಸುತ್ತಿ ಮೊಣಕೈಯಿಂದ ಒತ್ತಿ ಒತ್ತಿ ಕಂಬಳಿ ಮಾಡುವುದರಲ್ಲಿ ನಾರೀನ್ ಕಣಿವೆಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಆ ಜಂಬ ಅವಳಿಗೂ ಇತ್ತು. ಬೇರೆಯವರ ಕಂಬಳಿ ಕಂಡರೆ ಮೂಗು ಮುರಿಯುತ್ತಿದ್ದಳು.

ಮದುವೆಯಾದ ವರ್ಷ ಅವಳು ಮಾಡಿದ ಬೂದು ಕಂಬಳಿಯಲ್ಲೇ, ಮೂವತ್ತೊಂಬತ್ತು ವರ್ಷಗಳ ನಂತರ ಗಂಡ ಅಶಿರನ ಹೆಣ ಸುತ್ತಿ ಗೋರಿಗೆ ಹೊತ್ತೊಯ್ದರು. ಹಾಗೆ ಹೋಗಿಬಂದ ಕಂಬಳಿ ಹೆಣ ತೊಳೆದವರ ಪಾಲು. ಜೂರಕಾನ್ ಕೊಡಲಿಲ್ಲ. ಅವರ ಕೈಗೆ ಹೊಸದೊಂದನ್ನು ಹಾಕಿ, ಹಳೆಯದನ್ನು ಪೆಟ್ಟಿಗೆಯ ಮೇಲಿನ ರಜಾಯಿಗಳ ಪಕ್ಕ ಮಡಿಸಿಟ್ಟುಕೊಂಡಳು. ಊರವರು ಬಾಯಿಗೆ ಬಂದಂತೆ ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ, ಆದರೆ ಒಳಗೊಳಗೇ ಅಳುಕಿತ್ತು. ಸತ್ತವನ ವಸ್ತು ಮನೆಯಲ್ಲಿ ಉಳಿದರೆ ಜೊತೆಗೆ ಇನ್ನೊಬ್ಬರನ್ನು ಕರೆಯುತ್ತದೆಂದು ಅವಳ ತಾಯಿಯೂ ನಂಬಿದ್ದಳು.

ಮನೆಯಲ್ಲಿ ಉಳಿದ ಇನ್ನೊಬ್ಬಳು ಮೊಮ್ಮಗಳು ಬೇಗಾಯಿಮ್. ಚೊಚ್ಚಲ ಮಗು ಅಜ್ಜ ಅಜ್ಜಿಯರದ್ದು ಎನ್ನುವುದು ಆ ಕಡೆಯ ವಾಡಿಕೆ. ಮಗ ಸೊಸೆ ಪಟ್ಟಣದಲ್ಲಿದ್ದರು, ಮಗು ಜೂರಕಾನಳನ್ನೇ ಅಪಾ, ಅಂದರೆ ಅಮ್ಮ, ಎಂದು ಕರೆಯಬೇಕಿತ್ತು. ಕರೆಯಲಿಲ್ಲ. ಆರು ವರ್ಷವಾದರೂ ಯಾರನ್ನೂ ಏನೆಂದೂ ಕರೆಯಲಿಲ್ಲ. ಪಟ್ಟಣದ ಡಾಕ್ಟರಮ್ಮ ಆಟಿಸಂ ಎಂದು ಚೀಟಿ ಬರೆದುಕೊಟ್ಟು, ಗದರಬೇಡಿ, ಹೊಡೆಯಬೇಡಿ ಎಂದಿದ್ದಳು. ಆ ಚೀಟಿ ಸಕ್ಕರೆ ಬಟ್ಟಲಿನ ಕೆಳಗೆ ಸೇರಿ ಎರಡು ವರ್ಷವಾಗಿತ್ತು.

ಆ ಶರತ್ಕಾಲದಲ್ಲಿ ಒಂದು ಮಧ್ಯಾಹ್ನ, ಕಿಟಕಿಯ ಬಿಸಿಲು ಪೆಟ್ಟಿಗೆಯ ಬೀಗ ಮುಟ್ಟುವ ಹೊತ್ತಿಗೆ, ಬೇಗಾಯಿಮ್ ಬೂದು ಕಂಬಳಿಯನ್ನು ಎಳೆದು ನೆಲಕ್ಕೆ ಹಾಸಿದಳು. ಅದರ ಅಂಚಿನಲ್ಲಿ ಮಲಗಿ ಕೈಗಳನ್ನು ಮೈಗೆ ಅಂಟಿಸಿಕೊಂಡಳು. ಉರುಳುತ್ತ ಉರುಳುತ್ತ ಪೂರ್ತಿ ಸುತ್ತಿಕೊಂಡಳು. ಅಶಿರನನ್ನು ಕೂಡ ಹೀಗೇ ಸುತ್ತಿದ್ದರು. ಚಹಾ ಬಸಿಯುತ್ತಿದ್ದ ಜೂರಕಾನಳ ಕೈ ನಿಂತುಹೋಯಿತು.

ಕಂಬಳಿಯ ಒಳಗಿನಿಂದ ಕೆಮ್ಮು ಕೇಳಿಸಿತು. ಮುದುಕನ ಕೆಮ್ಮು. ಆಮೇಲೆ ಮಾತು.

"ಬಾಗ್ಲು ಹಾಕೇ, ಗಾಳಿ ಬರ್ತಿದೆ."

ಅಶಿರನ ದನಿ. ಹಾಸಿಗೆ ಹಿಡಿದ ಕೊನೆಯ ಚಳಿಗಾಲದಲ್ಲಿ ದಿನಕ್ಕೆ ಹತ್ತು ಸಲ ಅವನು ಹೇಳುತ್ತಿದ್ದ ಮಾತು. ಆಗ ಮಗುವಿಗೆ ಮೂರು ವರ್ಷ. ಜೂರಕಾನ್ ಬಾಗಿಲ ಕಡೆ ತಿರುಗಿ ನೋಡಿದಳು. ಅದು ಹಾಕಿಯೇ ಇತ್ತು.

ಮರುದಿನ ಬಿಸಿಲು ಬೀಗ ಮುಟ್ಟಿದಾಗ ಮತ್ತೆ ಅದೇ ಆಯಿತು, ಅದರ ಮರುದಿನವೂ ಅದೇ. ಒಂದು ದಿನ ಮೊಸರು ಕಡ ಕೇಳಲು ಬಂದ ನೆರೆಮನೆಯ ತೋತು ಇದನ್ನು ಕಣ್ಣಾರೆ ಕಂಡಳು.

"ಅಯ್ಯೋ ಅಕ್ಕಾ, ಅಶಿರಣ್ಣ ಕರೀತಿದಾನೆ! ಆ ಕಂಬ್ಳಿ ಇಟ್ಕೋಬೇಡ ಅಂತ ಎಲ್ರೂ ಬಡ್ಕೊಂಡ್ವಿ. ಕೇಳಿದ್ಯಾ ನೀನು?"

"ಮೊಸರು ತಗೊಂಡು ಹೊರಡು ನೀನು."

"ಹೋಗ್ತೀನಮ್ಮ, ನನಗೇನು! ಆದ್ರೆ ಹುಡುಗೀನ ಹದ್ದುಬಸ್ತಲ್ಲಿಡು. ನಾಲ್ಕು ಬಿಟ್ರೆ ಈ ಹೆಣದಾಟ ತಾನೇ ನಿಲ್ಲುತ್ತೆ."

ನಿಜ ಹೇಳಬೇಕೆಂದರೆ ಜೂರಕಾನ್ ಹೊಡೆದದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಆದರೆ ಏಟು ತಿಂದವರ ಕಾಲಿಗೆ ಅದರ ವ್ಯತ್ಯಾಸ ತಿಳಿಯುವುದಿಲ್ಲ. ಉಣ್ಣೆ ಬಡಿಯುವ ಕೋಲು ತೆಗೆದುಕೊಂಡು ಮಗುವನ್ನು ಸುರುಳಿಯಿಂದ ಎಳೆದು ಮೀನಖಂಡಕ್ಕೆ ಮೂರು ಬಿಗಿದಳು. "ಹೆಣದಾಟ ಆಡ್ತೀಯಾ? ಆಡ್ತೀಯಾ?" ಬೇಗಾಯಿಮ್ ಅಳಲಿಲ್ಲ. ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು. ಜೂರಕಾನ್ ಕಂಬಳಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಳು.

ಮಾರನೆಯ ಮಧ್ಯಾಹ್ನ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಾಗ ಒಳಗಿನಿಂದ ಅವಳದೇ ದನಿ ಕೇಳಿಸಿತು.

"ಹೆಣದಾಟ ಆಡ್ತೀಯಾ? ಆಡ್ತೀಯಾ?"

ಏದುಸಿರು, ಹಲ್ಲಿಲ್ಲದ ಕಡೆ ಬರುವ ಸೀಟಿ, ಎಲ್ಲ ಅವಳದೇ. ಓಡಿ ಬಂದು ನೋಡಿದರೆ ಬೇಗಾಯಿಮ್ ಬೀಗದ ಮುಂದೆ ನಿಂತು ಕೋಲಿನಿಂದ ತನ್ನ ಕಾಲಿಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಸರಿಯಾಗಿ ಮೂರು ಏಟು. ಆಮೇಲೆ ಕೋಲನ್ನು ಅದರ ಜಾಗದಲ್ಲಿಟ್ಟು, ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದಳು.

ಆಮೇಲೆ ಹನ್ನೊಂದು ದಿನ ಮನೆಯಲ್ಲಿ ಯಾರ ದನಿಯೂ ಕೇಳಿಸಲಿಲ್ಲ. ಅಜ್ಜನ ಕೆಮ್ಮಿಲ್ಲ, ಅಜ್ಜಿಯ ಬೈಗುಳವಿಲ್ಲ, ಮಗುವಿನ ಬಾಯಿಗಿಟ್ಟ ರೊಟ್ಟಿ ಅಗಿಯದೆ ಹಾಗೇ ಉಳಿಯುತ್ತಿತ್ತು. ಹಣೆಯ ಮೇಲಿನ ಗಾಯ ಒಣಗಲು ಪುರುಸೊತ್ತೇ ಇರಲಿಲ್ಲ. ಸತ್ತವನು ಕರೆಯುತ್ತಾನೆಂದು ಹೆದರಿ ತಾನೇ ಮಗುವನ್ನು ಅವನ ಕಡೆ ತಳ್ಳುತ್ತಿದ್ದೇನೆಯೇ ಎಂದು ಜೂರಕಾನ್ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದಳು. ಪಟ್ಟಣಕ್ಕೆ ಫೋನು ಮಾಡುವ ಧೈರ್ಯವೂ ಆಗಲಿಲ್ಲ. ಸೊಸೆಗೆ ಏನೆಂದು ಹೇಳುವುದು?

ಹನ್ನೆರಡನೆಯ ದಿನ ಅವಳು ನೀರು ತಂದು ಒಳಗೆ ಬಂದರೆ ಮಗು ಕಾಣಿಸಲಿಲ್ಲ. ಪೆಟ್ಟಿಗೆಯ ಮೇಲೆ ಸೂರಿನವರೆಗೆ ಪೇರಿಸಿಟ್ಟಿದ್ದ ಹಾಸಿಗೆ ರಜಾಯಿಗಳ ರಾಶಿ ಕುಸಿದುಬಿದ್ದಿತ್ತು. ಅದರಡಿಯಿಂದ ಪುಟ್ಟ ಪಾದವೊಂದು ಹೊರಚಾಚಿತ್ತು, ಅಲುಗಾಡದೆ.

ಜೂರಕಾನ್ ಬಿಂದಿಗೆ ಬಿಸಾಡಿ ಒಂದೊಂದೇ ರಜಾಯಿ ಎಳೆದಳು. ಎಲ್ಲಕ್ಕಿಂತ ಕೆಳಗೆ ಬೇಗಾಯಿಮ್ ಮಲಗಿದ್ದಳು. ಕೆನ್ನೆ ಕೆಂಪೇರಿತ್ತು, ಉಸಿರು ನಿಧಾನವಾಗಿತ್ತು, ಹಣೆಯ ಗಂಟು ಸಡಿಲಿತ್ತು. ಇಷ್ಟು ನೆಮ್ಮದಿಯ ಮುಖವನ್ನು ಜೂರಕಾನ್ ನೋಡಿ ನಾಲ್ಕು ವರ್ಷವಾಗಿತ್ತು. ಕೊನೆಯ ರಜಾಯಿ ತೆಗೆದದ್ದೇ ತಡ, ಆ ಮುಖ ಹಿಂಡಿಹೋಯಿತು. ಕೈ ಗಾಳಿಯಲ್ಲಿ ರಜಾಯಿಗಾಗಿ ತಡಕಾಡಿತು.

"ಬಾಗ್ಲು ಹಾಕೇ, ಗಾಳಿ ಬರ್ತಿದೆ."

ಆಗ ಅವಳಿಗೆ ತೊಟ್ಟಿಲು ನೆನಪಾಯಿತು. ಅಲ್ಲಿನ ರೂಢಿಯಂತೆ ಕೈಕಾಲನ್ನು ತೊಟ್ಟಿಲಿಗೆ ಪಟ್ಟಿಯಿಂದ ಬಿಗಿದರೆ ಮಾತ್ರ ನಿದ್ದೆ ಮಾಡುತ್ತಿದ್ದ ಕೂಸು, ಬಿಚ್ಚಿದರೆ ಊರು ಒಂದಾಗುವಂತೆ ಅಳುತ್ತಿತ್ತು. ಎರಡು ವರ್ಷ ತುಂಬಿದಾಗ ತೊಟ್ಟಿಲನ್ನು ಸೊಸೆಯ ಎರಡನೆಯ ಮಗುವಿಗೆ ಕಳಿಸಿದ್ದರು. ಅಶಿರ ಕರೆದಿರಲಿಲ್ಲ. ಬಿಗಿತ ಸಾಲದಿದ್ದರೆ ಮಗುವಿಗೆ ಮೈ ಚಳಿಗೆ ಬಿಟ್ಟಂತೆ ಆಗುತ್ತಿತ್ತು, ಹಾಗೆನಿಸಿದಾಗ ಹೇಳಲು ಅದಕ್ಕೆ ಗೊತ್ತಿದ್ದದ್ದು ಅಜ್ಜನ ಮಾತೊಂದೇ. ಇಡೀ ಜನ್ಮ ಉಣ್ಣೆ ಸುತ್ತಿದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಜೂರಕಾನ್ ತಲೆ ತಲೆ ಚಚ್ಚಿಕೊಂಡಳು.

ಮರುದಿನ ಅವಳೇ ಬೀಗ ತೆಗೆದು ಕಂಬಳಿ ಹಾಸಿದಳು. "ಬಾ ನನ್ನಮ್ಮ, ನಾನೇ ಸುತ್ತುತ್ತೀನಿ. ಗಟ್ಟಿಯಾಗಿ ಸುತ್ತುತ್ತೀನಿ."

ಬೇಗಾಯಿಮ್ ಬಂದಳು. ಆದರೆ ಕಂಬಳಿಯ ಮೇಲೆ ಮಲಗಲಿಲ್ಲ. ಮೂಲೆಗೆ ಹೋಗಿ ಕೋಲು ತಂದು ಅಜ್ಜಿಯ ಕೈಗಿಟ್ಟು, ಕಾಲು ಮುಂದೆ ಚಾಚಿ ನಿಂತಳು.

ಜೂರಕಾನ್ ಕೋಲನ್ನು ಮುರಿದು ಒಲೆಗೆ ಹಾಕಿದಳು. ಮಗು ಕಿರುಚಿದ ರಭಸಕ್ಕೆ ತೋತು ಬೇಲಿಯಾಚೆಯಿಂದ ಇಣುಕಿದಳು. ಅದರ ಮಾರನೆಯ ದಿನ ಬೇಗಾಯಿಮ್ ಒಲೆ ಕೆದಕುವ ಕಬ್ಬಿಣದ ಸಲಾಕೆ ತಂದುಕೊಟ್ಟಳು. ಮಗುವಿನ ಪಾಲಿಗೆ ಅದೊಂದು ಕ್ರಮ. ಮೊದಲು ಮೂರು ಏಟು, ಆಮೇಲೆ ಕಂಬಳಿ. ಅಜ್ಜಿಯೇ ಕಲಿಸಿದ್ದು.

ಈಗ ಹೊಸ ಕೋಲು ಬಂದಿದೆ. ಬಿಸಿಲು ಬೀಗ ಮುಟ್ಟಿದಾಗ ಬೇಗಾಯಿಮ್ ಅದನ್ನು ತರುತ್ತಾಳೆ, ಜೂರಕಾನ್ ಕಂಬಳಿಯ ಅಂಚಿಗೆ ಮೆಲ್ಲಗೆ ಮೂರು ಸಲ ತಟ್ಟುತ್ತಾಳೆ. ಆಮೇಲೆ ಮಗು ಮಲಗುತ್ತದೆ. ಅಜ್ಜಿ ಸುತ್ತಿ ಮೊಣಕೈಯಿಂದ ಒತ್ತುತ್ತಾಳೆ, ಒಳಗಿನಿಂದ ಅಶಿರ ಬಾಗಿಲು ಹಾಕು ಎನ್ನುತ್ತಾನೆ. "ಹಾಕಿದೀನಿ ಕಣೋ," ಎನ್ನುತ್ತಾಳೆ ಜೂರಕಾನ್. ಮಗು ತಿನ್ನುತ್ತಿದೆ, ಹಣೆಯ ಗಾಯವೂ ಮಾಗಿದೆ. ಆದರೆ ಕೋಲು ಕಂಬಳಿಗೆ ತಾಗಿದಾಗೆಲ್ಲ ಮಗುವಿನ ಕಾಲು ಬೆಚ್ಚಿ ಹಿಂದೆ ಸರಿಯುತ್ತದೆ, ದಿನಕ್ಕೆ ಮೂರು ಸಲ.