ಬಿಚ್ಚಿ ತಿಂದ ಮೆಕ್ಸಿಕೋ ರೊಟ್ಟಿ

ಇಬ್ಬನಿ ಆರುವ ಮುನ್ನವೇ ಮಾರಂಡಹಳ್ಳಿಯಲ್ಲಿ ಬಸ್ ಹತ್ತಿದೆ. ನಮ್ಮೂರ ಬಸ್ ಸ್ಟ್ಯಾಂಡಿನ ಪಕ್ಕ ರಾಗಿರೊಟ್ಟಿ ಅಂಗಡಿ ಇಡಬೇಕೆಂಬುದು ನನ್ನ ಆಸೆ. ಮೈದುನ ಮುನಿರಾಜ ಅದನ್ನು ಕೇಳಿ ಮನೆಯವರೆಲ್ಲರ ಮುಂದೆ ನಕ್ಕಿದ್ದ. "ರೊಟ್ಟೀನ ಯಾರು, ಅತ್ತಿಗೆ, ಕಾಸು ಕೊಟ್ಟು ತಿಂತಾರೆ? ಮನೇಲೇ ಐತಲ್ಲ." ಆ ನಗು ನನ್ನ ಹೊಟ್ಟೆ ಉರಿಸಿತ್ತು. ಸೇಲಂನಲ್ಲಿ ಮೆಕ್ಸಿಕೋ ದೇಶದ ರೊಟ್ಟಿ ಮಾರುವ ಹೋಟೆಲ್ ಬಂದಿದೆ, ಕೂರಲು ಜಾಗ ಸಿಗುವುದಿಲ್ಲ ಎಂದು ನನ್ನ ಅಣ್ಣನ ಮಗಳು, ಅಲ್ಲೇ ಹುಟ್ಟಿ ಬೆಳೆದ ಪ್ರಿಯಾ ಫೋನಿನಲ್ಲಿ ಹೇಳಿದ್ದಳು. ಅವರು ಹೇಗೆ ತಟ್ಟುತ್ತಾರೆ, ಹೇಗೆ ಮಾರುತ್ತಾರೆ, ಕಣ್ಣಾರೆ ನೋಡಿಬರೋಣವೆಂದು ಹೊರಟೆ.

ಧರ್ಮಪುರಿಯಲ್ಲಿ ಇಡ್ಲಿ ತಿಂದು ಬಸ್ ಬದಲಿಸಿದೆ. ನಲ್ಲಂಪಳ್ಳಿ ದಾಟಿ, ತೊಪ್ಪೂರು ಘಾಟಿನಲ್ಲಿ ಲಾರಿಗಳ ಹಿಂದೆ ತೆವಳಿ, ಸೇಲಂ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಪ್ರಿಯಾ ನಿಲ್ದಾಣಕ್ಕೇ ಬಂದಿದ್ದಳು.

ಹೋಟೆಲಿನೊಳಗೆ ಎಸಿ ಚಳಿ. ಒಲೆ ಕಾಣಲಿಲ್ಲ, ತಟ್ಟುವ ಕೈಯೂ ಕಾಣಲಿಲ್ಲ. ಗಾಜಿನಾಚೆ ಒಬ್ಬಾಕೆ ಪ್ಯಾಕೆಟ್ ಹರಿದು, ಮೈದಾ ರೊಟ್ಟಿಯನ್ನು ಮಿಷನ್ನಿನಲ್ಲಿ ಬಿಸಿ ಮಾಡಿ, ಕಾಳು, ಚೀಸ್, ಅನ್ನ ಹಾಕಿ ಸುತ್ತಿ ಕೊಟ್ಟಳು. ನಮ್ಮಲ್ಲಿ ಮುದ್ದೆಯೋ ರೊಟ್ಟಿಯೋ ಮೊದಲು, ಅನ್ನ ಕೊನೆಗೆ. ಎರಡನ್ನೂ ಒಂದೇ ತುತ್ತಿಗೆ ಹಾಕಿಕೊಳ್ಳುವವರನ್ನು ನಾನು ಕಂಡಿಲ್ಲ. ಸುತ್ತಿದ್ದನ್ನು ಪೂರಾ ಬಿಚ್ಚಿ, ಅನ್ನವನ್ನು ಕಾಗದದ ಅಂಚಿಗೆ ತಳ್ಳಿ, ರೊಟ್ಟಿ ಹರಿದು ಕಾಳಿನ ಜೊತೆ ತಿನ್ನತೊಡಗಿದೆ.

"ಅತ್ತೆ, ಎಲ್ಲಾರುಂ ಪಾಕ್ಕುರಾಂಗ," ಎಲ್ಲರೂ ನೋಡುತ್ತಿದ್ದಾರೆಂದು ಪ್ರಿಯಾ ತಮಿಳಿನಲ್ಲಿ ಪಿಸುಗುಟ್ಟಿದಳು.

"ನೋಡ್ಲಿ ಬಿಡೇ. ಊಟ ಎಂಗೆ ಮಾಡೋದು ಅಂತ ಕಲೀಲಿ," ಎಂದೆ, ದನಿ ತಗ್ಗಿಸದೆ.

ರೊಟ್ಟಿ ಚಕ್ಕಳ. ಕಾಳು ತಣ್ಣಗೆ, ಉಪ್ಪೂ ಇಲ್ಲ, ಖಾರವೂ ಇಲ್ಲ. ನಿಜ ಹೇಳಬೇಕೆಂದರೆ ಅಳುವೇ ಬಂತು. ಇಷ್ಟು ದೂರ ಬಂದರೂ ಕಲಿಯಲು ಏನೂ ಇರಲಿಲ್ಲ. ಆಮೇಲೆ ತಲೆಯೆತ್ತಿ ನೋಡಿದೆ. ಒಂದು ಕುರ್ಚಿಯೂ ಖಾಲಿಯಿರಲಿಲ್ಲ, ಬಾಗಿಲ ಹೊರಗೂ ಜನ ಕಾಯುತ್ತಿದ್ದರು. ಇದಕ್ಕೇ ಇಷ್ಟು ಜನ ಬಂದರೆ ನನ್ನ ರೊಟ್ಟಿಗೇನು ಕೇಡು ಎಂದುಕೊಂಡೆ. ಅನ್ನವನ್ನು ಅಲ್ಲೇ ಬಿಟ್ಟು ಎದ್ದೆ.

ಚೀಲದಲ್ಲಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಬಿಚ್ಚಿದೆ. ಈ ಸಲ ಪ್ರಿಯಾ ಸುತ್ತಮುತ್ತ ನೋಡಲಿಲ್ಲ.

"ಇನ್ನೊಂದು ಐತಾ ಅತ್ತೆ?" ಎಂದಳು, ಕನ್ನಡದಲ್ಲೇ.

ಸಂಜೆ ಮಾರಂಡಹಳ್ಳಿಯಲ್ಲಿ ಇಳಿದಾಗ ಮುನಿರಾಜ ಟೀ ಅಂಗಡಿಯ ಮುಂದೆ ನಿಂತಿದ್ದ.

"ಏನತ್ತಿಗೆ, ಎಂಗಿತ್ತು ಮೆಕ್ಸಿಕೋ?"

"ಸಪ್ಪೆ. ಸೋಮವಾರ ಇಲ್ಲೇ ಒಲೆ ಊಡ್ತೀನಿ. ಮೊದಲನೇ ರೊಟ್ಟಿ ನಿಂಗೇ."

ಅವನು ಹಲ್ಲು ಬಿಟ್ಟ.

"ಕಾಸು ಕೊಟ್ಟು ತಿನ್ನಪ್ಪ," ಎಂದು ಚೀಲ ಹೆಗಲಿಗೇರಿಸಿ ಮನೆ ಕಡೆ ನಡೆದೆ.